ಮಲ್ಲಿಗೆ ಬೇಡ ಎಂದ ಫೋನು

ದೆವ್ವ-ಗಿವ್ವದ ಮಾತು ಬಂದರೆ ಚಹಾ ಇಡುವ ನೆಪ ಮಾಡಿ ಎದ್ದು ಹೋಗುವವಳು ನಾನು. ಗುಲ್ಬರ್ಗಾದ ಕಾನ್ವೆಂಟಿನಲ್ಲಿ ಓದುವಾಗ ಹಾಸ್ಟೆಲ್ ಹುಡುಗಿಯರು ಹುಣಸಿ ಗಿಡದ ಕತೆ ಹೇಳಿಕೊಂಡು ಒಬ್ಬರನ್ನೊಬ್ಬರು ಅಪ್ಪಿ ಮಲಗಿದರೆ, ನಾನು ಬೇಕೆಂದೇ ಕಿಟಕಿ ತೆರೆದು ಮಲಗುತ್ತಿದ್ದೆ. ಸತ್ತವರು ಸತ್ತರು, ಫಿನಿಶ್. ನಮ್ಮವರು ತೀರಿಕೊಂಡ ದಿನವೂ ನನಗೆ ನಾನೇ ಇದೇ ಮಾತು ಹೇಳಿಕೊಂಡಿದ್ದೆ. ಹಾಗಾಗಿ ಈಗ ಬರೆಯಹೊರಟಿರುವುದನ್ನು ಓದಿ ನೀವು ನಕ್ಕರೆ ನನಗೇನೂ ಬೇಸರವಿಲ್ಲ. ಬೇರೆ ಯಾರಾದರೂ ಬರೆದಿದ್ದರೆ ನಾನೂ ನಗುತ್ತಿದ್ದೆ.

ನಡೆದದ್ದು ಕೆಲವು ವರ್ಷಗಳ ಹಿಂದೆ. ಆದರೆ ಅದನ್ನು ಹೇಳಬೇಕಾದರೆ ಮೊದಲು ಶಾಂತಾಳ ವಿಷಯ ಹೇಳಬೇಕು. ಟು ಬಿ ಆನೆಸ್ಟ್, ಶಾಂತಾಳ ಹೆಸರೆತ್ತದೆ ನನ್ನ ಮದುವೆಯ ಬಗ್ಗೆ ಮಾತಾಡುವುದು ನನಗೆ ಎಂದೂ ಆಗಿಲ್ಲ.

ಶಾಂತಾ ನಮ್ಮವರ ಸೋದರತ್ತೆಯ ಮಗಳು. ಸಣ್ಣಾಕಿ ಇದ್ದಾಗಲೇ ತಾಯಿ ತೀರಿಹೋದದ್ದರಿಂದ ಆಡಕಿಯಲ್ಲಿ ಸೋದರಮಾವನ ಮನೆಯಲ್ಲಿ, ಅಂದರೆ ನಮ್ಮವರ ಮನೆಯಲ್ಲೇ, ಬೆಳೆದಳು. ನಮ್ಮ ಕಡೆ ಇಂಥ ಹುಡುಗಿ ಇಂಥ ಹುಡುಗನಿಗೇ ಎಂದು ತೊಟ್ಟಿಲಲ್ಲೇ ತೀರ್ಮಾನ ಆಗಿಬಿಟ್ಟಿರುತ್ತದೆ. ಅವಳು ಇವರಿಗೇ ಎಂದು ಊರೆಲ್ಲ ತಿಳಿದಿತ್ತು. ಆದರೆ ಇವರು ಓದಿ ದನದ ಡಾಕ್ಟರಾದರು, ಶಾಂತಾ ನನಗೆ ತಂಗಿ ಇದ್ದಂಗ ಎಂದರು, ಶಹಾಬಾದಿನ ರೈಲ್ವೆ ಗುಮಾಸ್ತರ ಮಗಳಾದ ನನ್ನನ್ನು ಕಟ್ಟಿಕೊಂಡರು. ಶಾಂತಾಳನ್ನು ಚಿತ್ತಾಪುರದ ಒಬ್ಬ ಮಾಸ್ತರರಿಗೆ ಕೊಟ್ಟರು. ಎಲ್ಲವೂ ಸರಿಯಾಯಿತು ಎಂದು ನೀವು ಅಂದುಕೊಳ್ಳಬಹುದು. ಆದರೆ ನಾನು ಆಡಕಿಯ ಹೊಸಿಲು ದಾಟಿದ ದಿನವೇ ಇವರ ಅಜ್ಜಿ ಪಡಸಾಲೆಯಲ್ಲಿ ಕೂತು ಎಲ್ಲರಿಗೂ ಕೇಳುವಂತೆ ಅಂದಿದ್ದರು, "ಇಂಗ್ಲಿಷ್ ಸೊಸಿ ಬಂದಾಳ್ರವ್ವಾ, ಥ್ಯಾಂಕ್ಯೂ ಸಾರಿ ಭಾಳ ಛಂದ ಹೇಳ್ತಾಳ. ರೊಟ್ಟಿ ಬಡಿಲಿಕ್ಕಿ ಮಾತ್ರ ಶಾಂತಾಗೇ ಕರೀಬೇಕು!"

ರೊಟ್ಟಿ ಬಡಿಯುವುದನ್ನು ನಾನು ಕಲಿತೆ. ಆದರೂ ಶಾಂತಾ ಬಡಿದ ರೊಟ್ಟಿಯಾದರೆ ಇವರು ಒಂದು ಹೆಚ್ಚಿಗೆ ತಿನ್ನುತ್ತಿದ್ದರು. ಇವರಿಗೆ ಚಹಾದಲ್ಲಿ ಎಷ್ಟು ಶುಂಠಿ ಬೇಕು, ಕೆಮ್ಮು ಬಂದರೆ ಯಾವ ಮಗ್ಗುಲಿಗೆ ಮಲಗಬೇಕು, ಇದೆಲ್ಲ ಅವಳಿಗೆ ಗೊತ್ತಿತ್ತು. ಅವಳು ಯಾವತ್ತೂ ಎದುರಾಡಿದವಳಲ್ಲ, ಇವರಿಗೆ ‘ಮಾಮಾ’ ಎನ್ನುತ್ತಿದ್ದಳು, "ಅಕ್ಕಾ, ಅಕ್ಕಾ" ಎಂದು ನನ್ನ ಹಿಂದೆಯೇ ಸುತ್ತುತ್ತಿದ್ದಳು. ಅದೇ ಕಷ್ಟ. ಕೆಟ್ಟವಳಾಗಿದ್ದರೆ ಜಗಳ ಆಡಿ ಮುಗಿಸಬಹುದಿತ್ತು.

ಒಮ್ಮೆ ಎರಡೂ ಮನೆಯವರು ಕೂಡಿ ಚಂದ್ರಂಪಳ್ಳಿ ಡ್ಯಾಮಿಗೆ ಹೋಗಿದ್ದೆವು. ಆಗ ಇವರಿಗೆ ಚಿಂಚೋಳಿಯಲ್ಲಿ ಪೋಸ್ಟಿಂಗು. ಹೆಂಗಸರಿಗೆಲ್ಲ ನಾನೇ ಮಲ್ಲಿಗೆ ತರಿಸಿ ಮುಡಿಸಿದ್ದೆ. ಬುತ್ತಿ ಬಿಚ್ಚುವ ಹೊತ್ತಿಗೆ ನೋಡುತ್ತೇನೆ, ಶಾಂತಾಳ ತಲೆಯಲ್ಲಿ ಹೂವಿಲ್ಲ. ಸಂಜೆ ಮನೆಗೆ ಬಂದು ಇವರ ಅಂಗಿ ತೊಳೆಯಲು ಹಾಕುವಾಗ ಜೇಬಿನಲ್ಲಿ ಬಾಡಿದ ಮಲ್ಲಿಗೆ ದಂಡೆ. ನಾನು ಕೇಳಲಿಲ್ಲ, ಇವರೂ ಹೇಳಲಿಲ್ಲ. ಕಾನ್ವೆಂಟಿನಲ್ಲಿ ನಮಗೆ ಕಲಿಸಿದ್ದು ಅದೇ: ಡಿಗ್ನಿಟಿ. ಆ ಡಿಗ್ನಿಟಿಯನ್ನು ಎದೆಯಲ್ಲಿಟ್ಟುಕೊಂಡು ನಾನು ಸಂಸಾರ ಪೂರ್ತಿ ಮಾಡಿದೆ. ಇವರು ಹೋಗುವಾಗಲೂ ನನಗಿದ್ದದ್ದು ಅದೊಂದೇ ಪ್ರಶ್ನೆ. ಇವರ ಮನಸ್ಸಿನಲ್ಲಿ ಮೊದಲು ಕೂತವಳು ಯಾರು, ನಾನೋ ಅವಳೋ? ಕೇಳಲು ಬಾಯಿ ಬರಲಿಲ್ಲ. ಇವರು ಹೋಗಿಬಿಟ್ಟರು.

ಆಮೇಲೆ ಸೇಡಂನಲ್ಲಿ ನಾನು, ನನ್ನ ಮಗಳು ವೀಣಾ, ಇಬ್ಬರೇ. ಅವಳು ಅಲ್ಲೇ ಕಾಲೇಜಿನಲ್ಲಿ ಕೆಮಿಸ್ಟ್ರಿ ಲೆಕ್ಚರರ್. ಇವರು ಹೋಗಿ ಆರೇಳು ವರ್ಷವಾದ ಮೇಲೆ ಶಾಂತಾಳ ಮಗ ಫೋನ್ ಮಾಡಿದ. ಅಪ್ಪ ಅವ್ವನ ಮದುವೆಯಾಗಿ ಐವತ್ತು ವರ್ಷ, ಸಣ್ಣ ಫಂಕ್ಷನ್ ಇಟ್ಟುಕೊಂಡಿದ್ದೇವೆ, ದೊಡ್ಡವ್ವಾ ನೀವು ಬರಲೇಬೇಕು ಅಂದ. ಐವತ್ತು ವರ್ಷ! ನಮ್ಮದು ಅಲ್ಲಿಗೆ ಮುಟ್ಟಲೇ ಇಲ್ಲ. ನನ್ನ ಹಣೆ, ತಲೆ ಎರಡೂ ಬರಿದಾಗಿ ಕೂತಿವೆ, ಅವಳು ಎರಡನೇ ಸಲ ಮದುಮಗಳಾಗಲಿಕತ್ತಾಳೆ. ಆ ರಾತ್ರಿ ಊಟ ಸೇರಲಿಲ್ಲ.

ಮರುದಿನ ನಾನೇ ಒಂದು ಐಡಿಯಾ ಮಾಡಿದೆ. ಹೋಗುವುದಾದರೆ ಎಲ್ಲರೂ ನೋಡುವಂಥ ಆಯೇರಿ ಒಯ್ಯಬೇಕು. ಸೀರೆ ಎಲ್ಲರೂ ಕೊಡುತ್ತಾರೆ. ಗಂಡ-ಹೆಂಡತಿಗೆ ಎರಡು ಹಾರ, ಅವಳಿಗೆ ಮದುಮಕ್ಕಳಿಗೆ ಕಟ್ಟುವಂಥ ದಪ್ಪ ಮಲ್ಲಿಗೆ ದಂಡಿ, ಕಿವಿಯಿಂದ ಕಿವಿಯ ತನಕ. ವಾಡಿಯಲ್ಲಿ ಸ್ಟೇಷನ್ ಹತ್ತಿರ ಖಾಜಾ ಭಾಯಿ ಎನ್ನುವವರು ಹೊಸದಾಗಿ ಹೂವಿನ ಅಂಗಡಿ ಇಟ್ಟಿದ್ದರು. ನಿಕಾಹ್ ಸೆಹ್ರಾ, ದರ್ಗಾದ ಹೂವಿನ ಚಾದರ್, ಮದುವೆಯ ಹಾರ, ಬರ್ತ್‌ಡೇ ಬೊಕೆ, ಎಲ್ಲ ಮಾಡುತ್ತಾರೆ, ಚಿತ್ತಾಪುರ, ಶಹಾಬಾದ್, ಸೇಡಂ ಎಲ್ಲಿಗೆ ಹೇಳಿದರೂ ಮೋಟಾರ್ ಸೈಕಲ್ ಮೇಲೆ ತಂದು ಮುಟ್ಟಿಸುತ್ತಾರೆ ಎಂದು ವೀಣಾಳ ಕಾಲೇಜಿನಲ್ಲಿ ಯಾರೋ ನಂಬರ್ ಕೊಟ್ಟಿದ್ದರು. ಫೋನ್ ಮಾಡಿದೆ.

"ಅಮ್ಮಾರೆ, ಮದಿವಿ ಹುಡುಗಿ ತಲಿಕೂದ್ಲ ಉದ್ದ ಅದನ್ರಿ, ಮೋಟ ಅದನ್ರಿ?" ಎಂದು ಕೇಳಿದರು.

"ಹುಡುಗಿ ಅಲ್ರೀ, ಮದುವೆಯಾಗಿ ಐವತ್ತು ವರ್ಷ ಆಗ್ಯದ."

"ಮಾಶಾಲ್ಲಾ! ಹಂಗಾದ್ರ ದಂಡಿ ಗಟ್ಟಿನೇ ಕಟ್ತೀನಿ ಬಿಡ್ರಿ. ಐವತ್ತು ವರ್ಷ ಸಂಸಾರ ಹೊತ್ತ ತಲಿ, ಹೂವಿಂದೇನ್ ಭಾರ ಆಗ್ತದ?"

ನಗು ಬಂತು. ಮಲ್ಲಿಗೆ ಬಿಟ್ಟು ಬೇರೇನೂ ಹಾಕಬೇಡಿ, ನಟ್ಟನಡುವೆ ಒಂದು ಗುಲಾಬಿ ಸಾಕು ಎಂದು ಎರಡೆರಡು ಸಲ ಹೇಳಿದೆ. ಪಕ್ಕದಲ್ಲೇ ಪೇಪರ್ ತಿದ್ದುತ್ತಿದ್ದ ವೀಣಾ ತಲೆ ಎತ್ತಿ, "ಮಮ್ಮಿ, ಆಯೇರಿ ಮಾಡಲಿಕತ್ತಿಯೋ, ಸೇಡು ತೀರಿಸಲಿಕತ್ತಿಯೋ?" ಅಂದಳು. ಈ ಮಕ್ಕಳಿಗೆ ಎಲ್ಲ ಕಾಣುತ್ತದೆ.

ಫಂಕ್ಷನ್ನಿನ ಹಿಂದಿನ ಸಂಜೆ ವೀಣಾ ಇನ್ನೂ ಕಾಲೇಜಿನಿಂದ ಬಂದಿರಲಿಲ್ಲ. ನಳ ಬಂದಿತ್ತು, ನಾನು ಹಿತ್ತಲಲ್ಲಿ ನೀರು ತುಂಬುತ್ತಿದ್ದೆ. ಫೋನು ಒಳಗೆ ಚಾರ್ಜಿಗೆ ಹಾಕಿತ್ತು. ಮುಂಬಾಗಿಲಿಗೆ ಚಿಲಕ ಹಾಕಿತ್ತು. ಆ ಹೊತ್ತಿನಲ್ಲಿ ನನಗೆ ಯಾವ ಸಪ್ಪಳವೂ ಕೇಳಲಿಲ್ಲ, ಯಾವ ನೆರಳೂ ಕಾಣಲಿಲ್ಲ. ಇದನ್ನು ಮುಂಚೆಯೇ ಹೇಳಿಬಿಡುತ್ತೇನೆ, ಯಾಕೆಂದರೆ ಆಮೇಲೆ ಎಷ್ಟೋ ಸಲ ಆ ಸಂಜೆಯನ್ನು ತಿರುಗಿ ತಿರುಗಿ ನೋಡಿದ್ದೇನೆ. ಕೊಡ ತುಂಬಿದ್ದು, ಸೊಂಟ ನೋಯುತ್ತಿದ್ದದ್ದು, ಅಷ್ಟೇ ನೆನಪು.

ಮರುದಿನ ಪ್ಯಾಸೆಂಜರ್ ಹಿಡಿದು ನಾವಿಬ್ಬರೂ ಚಿತ್ತಾಪುರಕ್ಕೆ ಹೋದೆವು. ಮನೆಯ ಮುಂದೆ ಶಾಮಿಯಾನಾ, ಬಿಳಿ ಪಟಗ ಸುತ್ತಿಕೊಂಡ ಮಾಸ್ತರರು, ಹಸಿರು ಇಳಕಲ್ ಸೀರೆಯ ಶಾಂತಾ. ಅವಳು ಓಡಿ ಬಂದು ಕಾಲು ಮುಟ್ಟಿದಳು. ಬಂದ ಹೆಂಗಸರ ತಲೆಯ ತುಂಬ ಮಲ್ಲಿಗೆ. ಅವಳ ತಲೆ ಮಾತ್ರ ಖಾಲಿ, ದಂಡಿ ನಾನು ತರಿಸುತ್ತೇನೆಂದು ಅವಳ ಮಗನಿಗೆ ಮೊದಲೇ ಹೇಳಿದ್ದೆ.

ಖಾಜಾ ಭಾಯಿ ಬಂದರು. ಗಾಡಿಯ ಹಿಂದೆ ಕಟ್ಟಿದ ಬುಟ್ಟಿಯಿಂದ ಹಸಿ ಗೋಣಿಚೀಲ ಸರಿಸಿದರು. ಎಲ್ಲರೂ ನೋಡಲಿ ಎಂದು ನಾನೇ ದಂಡಿಯನ್ನು ಎತ್ತಿದೆ. ಎತ್ತಿದವಳು ಹಾಗೇ ನಿಂತೆ. ಒಂದು ಮಲ್ಲಿಗೆಯೂ ಇರಲಿಲ್ಲ. ಕೇಸರಿ ಬಣ್ಣದ ಅಬ್ಬಲಿಗೆ, ನಡುನಡುವೆ ಹಸಿರು ಮರುಗ. ಹಾರಗಳೂ ಬರೇ ಗುಲಾಬಿ, ಬಿಳಿಯ ಒಂದು ಎಸಳೂ ಇಲ್ಲ. ಪಕ್ಕದಲ್ಲಿದ್ದ ಒಬ್ಬಾಕೆ, "ಯವ್ವಾ, ಮುತ್ತೈದಿಗೆ ಮಲ್ಲಿಗಿ ಇಲ್ದ ದಂಡಿ ಯಾರು ತರ್ತಾರ?" ಎಂದು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ನನ್ನ ಮೈಯೆಲ್ಲ ಉರಿಯಿತು. ಖಾಜಾ ಭಾಯಿಯನ್ನು ಗೋಡೆಯ ಬದಿಗೆ ಕರೆದೆ.

"ನಾನು ಹೇಳಿದ್ದೇನು, ನೀವು ತಂದಿದ್ದೇನು?"

"ನಿನ್ನಿ ಬದಲ್ ಮಾಡ್ಸಿದ್ರಲ್ರಿ, ಅಮ್ಮಾರೆ."

"ಯಾರು?"

"ಸಾಹೇಬ್ರು. ನಿಮ್ಮ ಮನ್ಯಾಗಿಂದೇ ಫೋನ್ ಬಂದಿತ್ತಲ್ರಿ. ಮೊದ್ಲ ಒಂದೀಟ್ ಕೆಮ್ಮಿದ್ರು. ‘ಡಾಕ್ಟರ್ ಮಾತಾಡೋದು’ ಅಂದ್ರು. ‘ಚಿತ್ತಾಪುರದ ದಂಡಿಗೆ ಮಲ್ಲಿಗಿ ಬ್ಯಾಡ, ಒಂದ್ ಎಸಳೂ ಬ್ಯಾಡ, ಆ ಹುಡುಗಿಗೆ ತಡಿಯಂಗಿಲ್ಲ. ಅಬ್ಬಲಿಗಿ, ಮರುಗ ಹಾಕಿ ಕಟ್ಟು’ ಅಂದ್ರು. ಐವತ್ತು ವರ್ಷದ ಮದಿವ್ಯಾಗ ಹುಡುಗಿ ಯಾರಪಾ ಅಂತ ನಂಗೂ ನಗು ಬಂತ್ರಿ. ಖರೇ ಹೇಳ್ತೀನಿ, ದೊಡ್ಡವರು ಹೇಳಿದ್ರಂತ ಹೈದ್ರಾಬಾದಿಂದ ಬಂದ ಮಲ್ಲಿಗಿ ಬಾಜೂಕ್ಕಿಟ್ಟು ಮತ್ತ ಹೊಸಾದು ಕಟ್ಟೀನಿ."

ನಮ್ಮವರು ಫೋನಿನಲ್ಲಿ ಯಾರೊಂದಿಗೆ ಮಾತಾಡಿದರೂ ಮೊದಲು ಕೆಮ್ಮಿ, ‘ಡಾಕ್ಟರ್ ಮಾತಾಡೋದು’ ಎನ್ನುತ್ತಿದ್ದರು. ಎಮ್ಮೆ ಈಯುವ ಕಾಲಕ್ಕೆ ಊರೂರಿನವರು ಫೋನ್ ಮಾಡಿ ಮಾಡಿ ಬಂದ ರೂಢಿ ಅದು. ನನ್ನ ತಾಯಿಗೆ ಫೋನ್ ಮಾಡಿದರೂ ಹಾಗೇ. ಖಾಜಾ ಭಾಯಿ ಈ ಕಡೆಗೆ ಬಂದದ್ದೇ ಇವರು ಹೋದ ಎಷ್ಟೋ ವರ್ಷಕ್ಕೆ.

ನಾನು ಕೇಳುವ ಮೊದಲೇ ಅವರು ತಮ್ಮ ಫೋನ್ ತೆಗೆದು ತೋರಿಸಿದರು. ನನ್ನ ನಂಬರಿನಿಂದ ಎರಡು ಕಾಲ್. ಒಂದು ನಾನು ಮಾಡಿದ್ದು. ಇನ್ನೊಂದು ಹಿಂದಿನ ಸಂಜೆ, ನಾನು ನೀರು ತುಂಬುತ್ತಿದ್ದ ಹೊತ್ತಿನದು. ನನ್ನ ಫೋನಿನಲ್ಲಿ ನೋಡಿದರೆ ಒಂದೇ ಇತ್ತು, ನಾನು ಮಾಡಿದ್ದು. ವೀಣಾ ಎರಡೂ ಫೋನನ್ನು ಅಕ್ಕಪಕ್ಕ ಹಿಡಿದು ಭಾಳ ಹೊತ್ತು ನೋಡಿದಳು. "ಏನೋ ನೆಟ್‌ವರ್ಕ್ ಪ್ರಾಬ್ಲಂ ಮಮ್ಮಿ" ಅಂದಳು. ನೆಟ್‌ವರ್ಕಿಗೆ ಕೆಮ್ಮು ಬರುತ್ತದೆಯೇ ಎಂದು ನಾನು ಕೇಳಲಿಲ್ಲ.

ಅಷ್ಟರಲ್ಲಿ ಶಾಂತಾ ನನ್ನ ಕೈ ಹಿಡಿದು ಒಳಕೋಣೆಗೆ ಎಳೆದುಕೊಂಡು ಹೋದಳು. ಬಾಗಿಲು ಮುಂದೆ ಮಾಡಿದಳು. ದಂಡಿ ಅವಳ ಕೈಯಲ್ಲೇ ಇತ್ತು, ಕಣ್ಣಲ್ಲಿ ದಳದಳ ನೀರು.

"ಅಕ್ಕಾ, ಮಾಮಾ ನಿಮಗ ಹೇಳಿದ್ರೇನ್ರಿ?"

ಏನು ಹೇಳಿದ್ದು, ಯಾವಾಗ ಹೇಳಿದ್ದು, ನನಗೆ ಗೊತ್ತಿದ್ದರೆ ತಾನೆ! ಇಲ್ಲ ಎನ್ನಬೇಕಿತ್ತು. ಆದರೆ ಇವರಿಗೂ ಅವಳಿಗೂ ಗೊತ್ತಿರುವ ಒಂದು ಮಾತು ನನಗೆ ಗೊತ್ತಿಲ್ಲ ಎಂದು ಅವಳ ಮುಂದೆ ಒಪ್ಪಿಕೊಳ್ಳುವುದು ನನ್ನಿಂದ ಆಗಲಿಲ್ಲ. "ಹೂಂ, ಹೇಳಿದ್ರು" ಅಂದುಬಿಟ್ಟೆ.

"ಯಾರಿಗೂ ಹೇಳಬ್ಯಾಡ್ರಿ ಅಂತ ಆಣಿ ಹಾಕ್ಸಿದ್ದೆ. ಹೋಗ್ಲಿ ಬಿಡ್ರಿ, ಹೇಂತಿಗೆ ಹೇಳದ ಮತ್ಯಾರಿಗೆ ಹೇಳಬೇಕು" ಎಂದು ಕಣ್ಣೊರೆಸಿಕೊಂಡಳು. ನನಗೆ ಎಲ್ಲ ತಿಳಿದಿದೆ ಎಂದುಕೊಂಡೇ ಮಾತಾಡಲು ಸುರುಮಾಡಿದಳು. ನಾನು ತಿಳಿದವಳಂತೆ ತಲೆಯಾಡಿಸುತ್ತ ಕೂತೆ.

ಅವಳ ಅವ್ವ ಸತ್ತದ್ದು ಮುತ್ತೈದೆಯಾಗಿ. ನಮ್ಮಲ್ಲಿ ಮುತ್ತೈದೆಯನ್ನು ಮಣ್ಣಿಗಿಡುವ ಮುಂಚೆ ಮದುಮಗಳಂತೆ ಸಿಂಗರಿಸಿ ಕೂಡಿಸುತ್ತಾರಲ್ಲ, ಹಸಿರು ಬಳೆ, ಕುಂಕುಮ, ತಲೆಯ ತುಂಬ ಮಲ್ಲಿಗೆ. ಶಾಂತಾ ನಾಲ್ಕೈದು ವರ್ಷದವಳು. ಹೆಂಗಸರು ಅವಳನ್ನೂ ಒಯ್ದು ಅವ್ವನ ಮಗ್ಗುಲಲ್ಲೇ ಕೂಡಿಸಿ, ಅವ್ವನ ತಲೆಯ ಹೂವಿನದೇ ಒಂದು ತುಣುಕು ಹರಿದು ಅವಳಿಗೂ ಮುಡಿಸಿದರು. ಬಿಸಿಲು ಏರಿದಂತೆ ಆ ಹೂವಿನ ವಾಸನೆ ಬೇರೆಯಾಯಿತಂತೆ. ಅವತ್ತಿನಿಂದ ಮಲ್ಲಿಗೆ ಮೂಗಿಗೆ ಬಡಿದರೆ ಅವಳಿಗೆ ಉಸಿರು ಹಿಡಿದಂತಾಗುತ್ತದೆ, ಕೈಕಾಲು ತಣ್ಣಗಾಗುತ್ತವೆ. ಆದರೆ ಹೇಳುವುದು ಯಾರಿಗೆ? ಮದುವೆಯಾದ ಹೆಣ್ಣು ಮಲ್ಲಿಗೆ ಒಲ್ಲೆ ಎಂದರೆ ಅಪಶಕುನ ಅನ್ನುತ್ತಾರೆ. ಐವತ್ತು ವರ್ಷ ಮುಡಿದಳು, ಸೀಮಂತಕ್ಕೆ, ಮಕ್ಕಳ ಮದುವೆಗೆ, ಮುಡಿದು ಹಲ್ಲು ಕಚ್ಚಿ ಕೂತಳು. ಅವಳ ಗಂಡನಿಗೂ ಗೊತ್ತಿಲ್ಲ.

"ಮಾಮಾಗೆ ಒಬ್ಬರಿಗೇ ಗೊತ್ತಾಗಿತ್ತು ನೋಡ್ರಿ. ನಾ ಹೇಳಿದ್ದಿಲ್ಲ. ಮಣ್ಣಿನ ದಿನಾನೇ ನನ್ನ ಮುಖ ನೋಡಿ ತಿಳ್ಕೊಂಡಿದ್ರು. ಆಗ ಅವರೂ ಸಣ್ಣವರೇ. ಯಾರಿಗೂ ಕಾಣದಂಗ ತಲ್ಯಾಗಿಂದು ತೆಗದು ಕಿಸೇದಾಗ ಇಟ್ಕೋತಿದ್ರು. ಹೊಲದಾಗಿನ ಅಬ್ಬಲಿಗಿ, ಮರುಗ ತಂದು ಕೊಡ್ತಿದ್ರು. ಚಂದ್ರಂಪಳ್ಳ್ಯಾಗೂ ಹಂಗೇ ಮಾಡಿದ್ರು. ನಿಮಗ ನೆಪ್ಪದನ್ರಿ ಅಕ್ಕಾ?"

ನೆಪ್ಪದ, ಅಂದೆ.

ಆ ಹೊತ್ತಿಗೆ ನನ್ನ ಎದೆಯ ಮೇಲಿನ ಕಲ್ಲು ಇಳಿಯಬೇಕಿತ್ತು. ಅಷ್ಟು ವರ್ಷ ನಾನು ಏನೋ ಎಂದುಕೊಂಡಿದ್ದ ಆ ಬಾಡಿದ ದಂಡೆ, ಒಂದು ತಬ್ಬಲಿ ಕೂಸಿನ ಮೇಲಿನ ಕರುಣೆ ಮಾತ್ರವಾಗಿತ್ತು. ಇಳಿಯಲಿಲ್ಲ. ಇನ್ನೂ ಗಟ್ಟಿಯಾಗಿ ಕೂತಿತು. ಪ್ರೇಮ-ಗೀಮ ಆಗಿದ್ದರೆ ನಾನು ಅದನ್ನು ಹುಡುಗಾಟ ಎಂದು ತಳ್ಳಿಬಿಡಬಹುದಿತ್ತು. ಇವರು ಅವಳ ಮುಖ ನೋಡಿಯೇ ತಿಳಿದುಕೊಂಡಿದ್ದರು! ನನ್ನ ಮುಖವೂ ದಿನಾ ಇವರ ಎದುರಿಗೇ ಇತ್ತಲ್ಲ. ಅದರಲ್ಲಿ ಇವರು ಏನಾದರೂ ಓದಿದ್ದರೇ?

ಹೊರಗೆ ಬಂದು ಶಾಂತಾ ಆ ದಂಡಿಯನ್ನು ಮುಡಿದಳು. ನಾಲ್ಕು ಜನ ನಾಲ್ಕು ಮಾತಾಡಿದರು. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಫೋಟೋಗಳಲ್ಲಿ ನೋಡಿದರೆ ಅಷ್ಟು ನಿರುಮ್ಮಳವಾದ ಅವಳ ಮುಖವನ್ನು ನಾನು ಅದಕ್ಕಿಂತ ಮುಂಚೆ ಕಂಡೇ ಇರಲಿಲ್ಲ. ಮಾಸ್ತರರು, "ಇವತ್ತು ಏನ್ ಕಳೆ ಬಂದದಲೇ ನಿಂಗ!" ಎಂದು ಎಲ್ಲರೆದುರೇ ಚುಡಾಯಿಸಿದರು. ಅಡುಗೆಯವರ ಹುಗ್ಗಿ ಚೆನ್ನಾಗಿತ್ತಂತೆ. ನನಗೆ ರುಚಿ ಗೊತ್ತಾಗಲಿಲ್ಲ.

ಬಂದ ಮೇಲೆ ನನ್ನ ಕೈಲಾದಷ್ಟು ಲಾಜಿಕ್ ಓಡಿಸಿ ನೋಡಿದೆ. ಶಾಂತಾಳೇ ಯಾರಿಂದಲಾದರೂ ಹೇಳಿಸಿದಳೇ? ನಾನು ಯಾವ ಅಂಗಡಿಯಲ್ಲಿ ಆರ್ಡರ್ ಮಾಡಿದ್ದೇನೆಂದು ಅವಳಿಗೆ ಗೊತ್ತೇ ಇರಲಿಲ್ಲ. ವೀಣಾ? ಅವಳು ಸಂಜೆಯ ತನಕ ಲ್ಯಾಬಿನಲ್ಲಿದ್ದಳು, ಮಲ್ಲಿಗೆಯ ವಿಷಯ ಅವಳಿಗೂ ಗೊತ್ತಿರಲಿಲ್ಲ. ಖಾಜಾ ಭಾಯಿಗೆ ಸುಳ್ಳು ಹೇಳಿ ಸಿಗುವುದೇನು, ಕಟ್ಟಿದ್ದನ್ನೇ ಮತ್ತೆ ಕಟ್ಟುವ ಕೆಲಸ ಬಿಟ್ಟು? ನನ್ನ ನಂಬರನ್ನೇ ಹಾಕಿಕೊಂಡು ಯಾರೋ ಫೋನ್ ಮಾಡಬಹುದು, ಅದಕ್ಕೆಲ್ಲ ಆ್ಯಪ್ ಇರುತ್ತವೆ ಅಂದಳು ವೀಣಾ. ಇರಬಹುದು. ಆದರೆ ಎಪ್ಪತ್ತರ ಹತ್ತಿರದ ಮುದುಕಿಯನ್ನು ‘ಆ ಹುಡುಗಿ’ ಎನ್ನುವವರು ಈ ಭೂಮಿಯ ಮೇಲೆ ಇನ್ನೊಬ್ಬರು ಯಾರಿದ್ದಾರೆ? ಅಲ್ಲಿಗೆ ನನ್ನ ಲಾಜಿಕ್ ನಿಂತುಬಿಡುತ್ತದೆ.

ನೀವು ಕೇಳಬಹುದು, ಹೆದರಿಕೆ ಆಗಲಿಲ್ಲವೇ ಎಂದು. ಒಂದು ಚೂರೂ ಆಗಲಿಲ್ಲ. ನನಗೆ ಬಂದದ್ದು ಬರೇ ಸಿಟ್ಟು. ಫೋಟೋದ ಮುಂದೆ ನಿಂತು ಬೈದೆ ಕೂಡ. ಅಷ್ಟು ದೂರದಿಂದ ಬಂದವರು, ನನ್ನ ಮನೆಯ ಒಳಗೇ ಬಂದವರು, ನನ್ನದೇ ಫೋನ್ ಎತ್ತಿಕೊಂಡವರು, ಹಿತ್ತಲಿನ ತನಕ ಬಂದು ‘ಸೊಂಟ ನೋಯ್ತದೇನೇ’ ಎಂದು ಒಂದು ಮಾತು ಕೇಳಿದ್ದರೆ ಏನಾಗುತ್ತಿತ್ತು? ಬಂದದ್ದು ಅವಳ ಕೆಲಸಕ್ಕೆ. ಮುಗಿಸಿ ಹೋದರು. ಸತ್ತ ಮೇಲೂ ಗಂಡನ ಮೇಲೆ ಹೊಟ್ಟೆಕಿಚ್ಚು ಪಡುವ ಹೆಂಗಸು ಪ್ರಪಂಚದಲ್ಲಿ ನಾನೊಬ್ಬಳೇ ಇರಬೇಕು.

ಅದೇ ವರ್ಷ ನನ್ನ ಬರ್ತ್‌ಡೇ ಬಂತು. ವೀಣಾಗೆ ಹೇಳದೆ ನಾನೇ ಖಾಜಾ ಭಾಯಿಗೆ ಫೋನ್ ಮಾಡಿದೆ. ಒಂದು ಬೊಕೆ ಬೇಕು, ಸೇಡಂನ ಮನೆಗೇ ಮುಟ್ಟಿಸಿ ಎಂದೆ. ಕೆಂಪು ಗುಲಾಬಿ, ಸುತ್ತ ಬೆಳ್ಳಿ ಪುಡಿ ಉದುರಿಸಿದ ಎಲೆ, ಮೇಲೆ ಜರಿ ಪ್ಲಾಸ್ಟಿಕ್. ಫ್ರ್ಯಾಂಕಾಗಿ ಹೇಳುತ್ತೇನೆ, ನನಗೆ ಅದನ್ನು ಕಂಡರೆ ಆಗುವುದಿಲ್ಲ. ಬೇಕೆಂದೇ ಅದನ್ನು ಹೇಳಿದೆ. ನನಗೆ ಜೀವಕ್ಕೆ ಜೀವವಾದ ಹೂ ಬೇರೆ ಇದೆ. ಯಾವುದೆಂದು ಯಾರಿಗೂ ಹೇಳಿದವಳಲ್ಲ, ಇಲ್ಲಿಯೂ ಬರೆಯುವುದಿಲ್ಲ. ಮುಖ ನೋಡಿ ತಿಳಿದುಕೊಳ್ಳುವವರಿಗೆ ತಿಳಿದಿರಬೇಕು.

ಅವತ್ತು ಬೆಳಿಗ್ಗೆಯೇ ಎದ್ದು ಎಣ್ಣೆ ನೀರು ಹಾಕಿಕೊಂಡು, ಒಳ್ಳೆಯ ಸೀರೆ ಉಟ್ಟು, ಪಡಸಾಲೆಯಲ್ಲಿ ಕೂತೆ. ಮೋಟಾರ್ ಸೈಕಲ್ ಸಪ್ಪಳ ಕೇಳಿದಾಗ ಎದೆ ಹೇಗೆ ಹೊಡೆದುಕೊಂಡಿತೆಂದರೆ, ಇವರು ನನ್ನನ್ನು ನೋಡಲು ಬಂದ ದಿನವೂ ಹಾಗೆ ಹೊಡೆದುಕೊಂಡಿರಲಿಲ್ಲ.

ಖಾಜಾ ಭಾಯಿ ಗೋಣಿಚೀಲ ಸರಿಸಿದರು. ಕೆಂಪು ಗುಲಾಬಿ. ಬೆಳ್ಳಿ ಪುಡಿ. ಜರಿ ಪ್ಲಾಸ್ಟಿಕ್.

"ನೀವು ಹ್ಯಾಂಗ ಹೇಳಿದ್ರೋ ಹಂಗೇ ಮಾಡೀನ್ರಿ ಅಮ್ಮಾರೆ, ಒಂದೀಟೂ ಫರಕ್ ಇಲ್ಲ."

"ನಿನ್ನೆ ಸಂಜೆ ಮತ್ತೆ ಯಾರಾದ್ರೂ ಫೋನ್ ಮಾಡಿದ್ರೇನ್ರಿ?"

"ಇಲ್ರಿ. ಯಾರೂ ಮಾಡಿಲ್ಲ." ಅವರು ನನ್ನ ಮುಖವನ್ನೇ ನೋಡಿದರು. "ಯಾಕ್ರಿ, ಏನರ ಬದಲ್ ಮಾಡೋದಿತ್ತೇನ್ರಿ?"

"ಏನಿಲ್ಲ, ಭಾಳ ಛಂದ ಅದ" ಎಂದು ಹೇಳಿ ಬೊಕೆ ಇಸಕೊಂಡೆ.